ಹುಣಸೆ ಬೀಜದ ಆಟದಿಂದಾಗುವ ಪ್ರಯೋಜನಗಳು

ಓದಿದವರಿಗೆ ಅಂಟುವ ರೋಗಗಳಲ್ಲಿ ಪ್ರಯೋಜನ ಹುಡುಕುವ ರೋಗ ದೊಡ್ಡದು. ಸಂಜೆ ತಂಪು ಗಾಳಿ ಬೀಸಿದರೆ ಉಳಿದವರು ಅಂಗಿಯ ಗುಂಡಿ ಬಿಚ್ಚಿ ಕಟ್ಟೆಯ ಮೇಲೆ ಕೂರುತ್ತಾರೆ. ನಾನು ಆ ಗಾಳಿ ದೇಹಕ್ಕೆ ಹೇಗೆ ಒಳ್ಳೆಯದೆಂದು ವಿವರಿಸುತ್ತ ಒಳಗೇ ಬೆವರುತ್ತೇನೆ. ಹೈದರಾಬಾದಿನಲ್ಲಿ ಬಿ.ಎ. ಓದುವಾಗ ಮನಶ್ಶಾಸ್ತ್ರದ ಒಂದೆರಡು ಪುಸ್ತಕ ತಿರುವಿ ಹಾಕಿದ್ದೆ. ಅವುಗಳಲ್ಲಿ ಏನಿತ್ತೆಂಬುದು ಮರೆತಿದೆ. ಓದಿದೆನೆಂಬ ಜಂಭ ಮಾತ್ರ ನೆನಪಿದೆ.

ಹೈದರಾಬಾದ್ ಸಂಸ್ಥಾನ ಹೋಗಿ ನಾವು ಭಾರತಕ್ಕೆ ಸೇರಿದ ಹೊಸದರಲ್ಲಿ ನಾನು ಶಹಾಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಬಲದಿಂದ ಎಡಕ್ಕೆ ಉರ್ದು ಬರೆದು ಪಳಗಿದ್ದ ಕೈ, ಇದ್ದಕ್ಕಿದ್ದಂತೆ ಕನ್ನಡ ಬರೆಯಬೇಕಾಯಿತು. ಮನೆಮಾತು ಕನ್ನಡವೇ, ಆದರೆ ಅದು ಬಾಯಿಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ರಾತ್ರಿಯಾಗುವ ಮುನ್ನ ಮೇಜಿನ ಮುಂದೆ ಕೂತು ಅಕ್ಷರ ತಿದ್ದುತ್ತಿದ್ದೆ. ಅದೇ ವರ್ಷ ಶಾಲೆಗೆ ಸೇರಿದ್ದ ಮಗಳು ನೀಲಿ ಇಣುಕಿ ನೋಡಿ, “ಅಪ್ಪಾ, ನಿನ್ನ ಅಕ್ಷರ ಎಲ್ಲಾ ಯಾಕ ಮಲಗ್ಯಾವ? ಜ್ವರ ಬಂದಾವೇನು?” ಎಂದಳು. ಹಾಗೆ ನೋಡಿದರೆ ಅವಳವೂ ಓಲಾಡುತ್ತಲೇ ಇದ್ದವು.

ಆಗ ಹೊಳೆದದ್ದು ಹುಣಸೆ ಬೀಜದ ಆಟ. ಒಂದು ಹಿಡಿ ಬೀಜ ಮೇಜಿನ ಮೇಲೆ ಗುಡ್ಡೆಯಾಗಿ ಸುರಿಯಬೇಕು, ಒಮ್ಮೆ ಊದಬೇಕು, ಪಕ್ಕದ ಬೀಜ ಅಲುಗದಂತೆ ಒಂದೊಂದೇ ಎತ್ತಬೇಕು. ಅಲುಗಿತೋ, ಸರದಿ ಹೋಯಿತು. ಮೊದಮೊದಲು ನಾವಿಬ್ಬರೂ ಬರಿದೇ ನಕ್ಕೆವು. ನಾನು ಕಚೇರಿಯಿಂದ ಬರುವಷ್ಟರಲ್ಲಿ ನೀಲಿ ಲಂಗದ ಉಡಿಯಲ್ಲಿ ಬೀಜ ತುಂಬಿಕೊಂಡು ಬಾಗಿಲಲ್ಲೇ ನಿಂತಿರುತ್ತಿದ್ದಳು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯವಿರಲಿಲ್ಲ.

“ನೋಡವ್ವಾ,” ಎಂದು ಒಂದು ಸಂಜೆ ಶುರುಮಾಡಿದೆ, “ಹೆಬ್ಬೆರಳು ಪಳಗಿದ್ರ ಬರಹ ಪಳಗತದ. ಉಸಿರು ಬಿಗಿ ಹಿಡಿದಿ ನೋಡು, ಅದು ಏಕಾಗ್ರತಾ. ಸರದಿ ಕಾಯ್ತಿ ನೋಡು, ಅದು ತಾಳ್ಮಿ.”

ನೀಲಿ ಎತ್ತಿದ ಬೀಜವನ್ನು ಹಾಗೇ ಹಿಡಿದುಕೊಂಡು ಕೇಳಿದಳು: “ಮತ್ತ ಇದ್ರಾಗ ಆಟ ಯಾವುದಪ್ಪಾ?”

ಅಡುಗೆಮನೆಯಿಂದ ಹೆಂಡತಿ, “ಆ ಬೀಜಕ್ಕೂ ನಾಕು ಬುದ್ಧಿಮಾತು ಹೇಳ್ರಿ, ಕೂತಲ್ಲೇ ಮೊಳಕಿ ಬರ್ತಾವ,” ಎಂದಳು.

ನಾನು ನಿಲ್ಲಿಸಲಿಲ್ಲ. ನೀಲಿಗೆ ಒಂದು ದಿನ ಹೊಟ್ಟೆನೋವು, ಇನ್ನೊಂದು ದಿನ ನಿದ್ದೆ. ಆಮೇಲೆ ಬಾಗಿಲು ಬರಿದಾಯಿತು. ನಾನು ಹೇಳಿದ್ದು ಸುಳ್ಳೇನಲ್ಲ. ಅವಳ ಅಕ್ಷರ ಮುತ್ತಿನಂತಾದವು, ನನ್ನವೂ ಎದ್ದು ಕೂತವು. ಪ್ರಯೋಜನಗಳೆಲ್ಲ ಬಂದವು, ಆಡುವವಳು ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಸುರಪುರದಿಂದ ಅಕ್ಕ ಬಂದಳು. ನನಗೊಂದು ಸಾಕ್ಷಿ ಬೇಕಿತ್ತು. “ಅಕ್ಕಾ, ಸಣ್ಣವನಿದ್ದಾಗ ನೀನೂ ನನಗ ಹಿಂಗೇ ತಿಳಿಸಿ ತಿಳಿಸಿ ಈ ಆಟ ಕಲಿಸಿದ್ದಿ, ಹೌದಿಲ್ಲೋ?” ಎಂದೆ. ಆ ದೃಶ್ಯ ನನ್ನ ಕಣ್ಣಿಗೆ ಕಟ್ಟಿದಂತಿತ್ತು.

“ನಾ ಎಲ್ಲಿ ಕಲಿಸೀನೋ ತಮ್ಮಾ?” ಅಕ್ಕ ನಗತೊಡಗಿದಳು. “ಹುಣಸಿಹಣ್ಣು ಕುಟ್ಟಾಕ ಬಿಡದಂಗ ತಲಿ ತಿಂತಿದ್ದಿ. ಒಂದೀಟು ಬಾಯಿ ಮುಚ್ಕೊಂಡಿರಲಿ ಅಂತ ಬೀಜ ನಿನ್ನ ಮುಂದ ಸುರುವಿದ್ದೆ.”

ಆ ಸಂಜೆ ಅಕ್ಕ ಮತ್ತು ನೀಲಿ, ಅತ್ತೆ ಸೊಸೆಯರಿಬ್ಬರೂ, ಮೇಜಿನ ಎರಡು ಬದಿಗೆ ಕೂತು ಆಡುತ್ತಿದ್ದರು. ನಾನೂ ಕುರ್ಚಿ ಎಳೆದೆ.

“ನೀ ಬ್ಯಾಡಪ್ಪಾ,” ನೀಲಿ ತಲೆಯೆತ್ತದೆ ಹೇಳಿದಳು. “ಗೆದ್ರೂ ಬುದ್ಧಿ ಹೇಳ್ತಿ, ಸೋತ್ರೂ ಬುದ್ಧಿ ಹೇಳ್ತಿ.”

“ತುಟಿ ಪಿಟಕ್ ಅನ್ನಂಗಿಲ್ಲಂದ್ರ ಕೂಡಲಿ ಬಿಡವ್ವಾ,” ಎಂದು ಅಕ್ಕ ಶಿಫಾರಸು ಮಾಡಿದಳು.

ಕೂತೆ. ಕೊನೆಗೆ ಒಂದರ ಮೇಲೊಂದು ಏರಿ ಕೂತ ಎರಡು ಬೀಜ ಉಳಿದವು. ಮೇಲಿನದನ್ನು ಎತ್ತುವುದು ದೊಡ್ಡವರಿಗೂ ಕಷ್ಟ. ನೀಲಿ ನಾಲಿಗೆ ಕಚ್ಚಿಕೊಂಡು ಎತ್ತಿಯೇಬಿಟ್ಟಳು. ಕೆಳಗಿನದು ಮಿಸುಕಲಿಲ್ಲ. ಬೀಜವನ್ನು ಮೇಲೆ ಹಿಡಿದು, ಮುಖ ಅರಳಿಸಿ, ಅತ್ತೆಯ ಕಡೆಗಲ್ಲ, ನನ್ನ ಕಡೆಗೆ ನೋಡಿದಳು. ಒಂದು ‘ಶಹಬ್ಬಾಸ್’ ಸಾಕಿತ್ತು. ಮಾತು ತಪ್ಪಬಾರದೆಂದು ನಾನು ಹಲ್ಲು ಬಿಗಿಹಿಡಿದು ಕೂತಿದ್ದೆ. ಅವಳು ಸ್ವಲ್ಪ ಹೊತ್ತು ನೋಡಿ, ಬೀಜಗಳನ್ನು ಬಾಚಿಕೊಂಡು ಅತ್ತೆಯ ಕಡೆ ತಿರುಗಿದಳು.

ನನ್ನ ನೆನಪುಗಳನ್ನು ಯಾರು ಸುಳ್ಳೆಂದರೂ ಈಗ ಒಪ್ಪಿಬಿಡುತ್ತೇನೆ. ಆ ಸಂಜೆ ನೀಲಿ ನನ್ನ ಕಡೆ ನೋಡಿದ್ದನ್ನೂ ಸುಳ್ಳೆನ್ನಲಿ ಎಂದು ಅಕ್ಕನನ್ನು ಎಷ್ಟೋ ಸಲ ಕೇಳಿ ನೋಡಿದೆ. “ಇಲ್ಲ ತಮ್ಮಾ, ಇದು ಖರೇನ ಅದ,” ಎನ್ನುತ್ತಾಳೆ.