ಆಮಿಷಕ್ಕೆ ಬಗ್ಗದ ಷಡ್ಡಕ

ವೀಸಾ ಸಿಗದೇ ಹೋಗಬಹುದಿತ್ತು. ಸಿಕ್ಕರೂ ಪಾಸ್‌ಪೋರ್ಟು ವಿನೋಬನಗರದ ಮನೆಯ ಬೀರುವಿನಲ್ಲೇ ಉಳಿದುಬಿಡಬಹುದಿತ್ತು. ವಿಮಾನದಲ್ಲಿ ನನ್ನ ಬಿ.ಪಿ. ಏರಬಹುದಿತ್ತು. ಕಸ್ಟಮ್ಸಿನವರು ನಮ್ಮ ಚಟ್ನಿಪುಡಿಯನ್ನು ಮದ್ದಿನಪುಡಿಯೆಂದು ತಿಳಿದು ನಾಲ್ವರನ್ನೂ ಒಳಗೆ ಹಾಕಬಹುದಿತ್ತು. ಅಮೆರಿಕದ ಹಸು ಒದೆಯಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಯೇ ಇತ್ತು: ನನ್ನ ಷಡ್ಡಕರು ಜೊತೆಗೆ ಬರುತ್ತಿದ್ದರು!

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಭದ್ರಾವತಿಯವರು, ಕಾರ್ಖಾನೆಯಿಂದ ನಿವೃತ್ತರು. ಮೊಬೈಲ್ ಇಟ್ಟುಕೊಂಡವರಲ್ಲ. ತಮ್ಮ ಅಂಗಿಯನ್ನು ತುಳಿಯುವ ಹೊಲಿಗೆ ಯಂತ್ರದಲ್ಲಿ ತಾವೇ ಹೊಲಿದುಕೊಳ್ಳುತ್ತಾರೆ. ಶಿವಮೊಗ್ಗದ ನಮ್ಮ ಮನೆಗೆ ಸೈಕಲ್ ತುಳಿದುಕೊಂಡೇ ಬರುತ್ತಾರೆ. ಆಗ ನನ್ನ ಹೆಂಡತಿ ಅವರನ್ನು ನೋಡುವ ನೋಟ ನೋಡಬೇಕು! ಗಾಂಧಿ ಬಜಾರಿನ ಟ್ರಾಫಿಕ್ಕಿನಲ್ಲಿ ಕಾರು ನಡೆಸಿ, ಜೀವ ಕೈಯಲ್ಲಿ ಹಿಡಿದು ಸಾಮಾನು ತರುವ ನನ್ನ ಮೇಲೆ ಅಂಥ ನೋಟ ಎಂದಾದರೂ ಬಿದ್ದದ್ದುಂಟೆ?

ಅಮೆರಿಕದಲ್ಲಿ ಆಮಿಷ್ ಎಂಬ ಜನರಿದ್ದಾರೆ, ಕರೆಂಟು ಬೇಡ, ಕಾರು ಬೇಡ, ಕುದುರೆಗಾಡಿ ಸಾಕು ಎನ್ನುವವರು ಎಂದು ಎಲ್ಲೋ ಓದಿದ್ದೇ ತಡ, ಭಾವನವರು ನಾವು ಎರಡೂ ಜೋಡಿ ಅಲ್ಲಿಗೆ ಹೋಗಲೇಬೇಕೆಂದು ಪಟ್ಟು ಹಿಡಿದರು. (ಯಾವ ಆಮಿಷಕ್ಕೂ ಬಗ್ಗದವರಿಗೆ ಆಮಿಷ್ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ!) ಆ ಜನರ ಹೊಲಗಳ ಪಕ್ಕದ ಒಂದು ಫಾರ್ಮ್‌ನಲ್ಲಿ ತಂಗುವ ಏರ್ಪಾಡು, ಟಿಕೆಟ್ಟು, ವಿಮೆ, ಎಲ್ಲವನ್ನೂ ಆರು ತಿಂಗಳು ಕೂತು ಮಾಡಿದವನು ನಾನು. ಪ್ರತಿ ಕಾಗದಕ್ಕೂ ಐದೈದು ಜೆರಾಕ್ಸ್. ನನಗೆ ಬೇಕಿದ್ದದ್ದು ಇಷ್ಟೇ: ನೀವಿದ್ದದ್ದಕ್ಕೆ ಆಯಿತು ಎಂದು ಹೆಂಡತಿ ಒಂದೇ ಒಂದು ಸಲ ಹೇಳಬೇಕು.

ಹೊರಡುವ ದಿನ ಫೈಲು ತೋರಿಸಿದೆ. ಅವಳು ತೂಕ ನೋಡಿ ವಾಪಸ್ ಕೊಟ್ಟಳು. ಭಾವನದು ಒಂದೇ ಚೀಲವಂತೆ, ನೋಡಿ ಕಲಿಯಬೇಕಂತೆ.

ತಲುಪಿದ ಮರುದಿನವೇ ಭಾವನವರು ಬೇಲಿಯಾಚೆಯ ಆಮಿಷ್ ರೈತನ ಕೊಟ್ಟಿಗೆಯಲ್ಲಿದ್ದರು. ಹಸುವಿನ ಕತ್ತಿನಡಿಯ ಗಂಗೆದೊಗಲು ಕೆರೆಯುತ್ತ ಭದ್ರಾವತಿ ಕನ್ನಡದಲ್ಲಿ ಅದರ ಕ್ಷೇಮ ವಿಚಾರಿಸುತ್ತಿದ್ದರು. ಅದು ಕಣ್ಣು ಮುಚ್ಚಿ ಕತ್ತು ಚಾಚಿತ್ತು. ನಾನೂ ಹತ್ತಿರ ಹೋದೆ. ನನ್ನ ಕನ್ನಡಕದ ಮೇಲೆ ಸೀನಿತು. ನನಗೂ ಕರೆಂಟು ಕಂಡರಾಗದು ಎಂದು ರೈತನಿಗೆ ಹೇಳಿಕೊಂಡೆ. ಆತ ನನ್ನ ಜೇಬಿನಿಂದ ಜೋತಾಡುತ್ತಿದ್ದ ಚಾರ್ಜರಿನ ವೈರನ್ನು ನೋಡಿದ.

ಮಧ್ಯಾಹ್ನ ಆ ಮನೆಯ ಅಜ್ಜಿಯ ಹೊಲಿಗೆ ಯಂತ್ರದ ಬೆಲ್ಟು ಜಾರುತ್ತಿರುವುದು ಭಾವನವರ ಕಣ್ಣಿಗೆ ಬಿತ್ತು. ಬೆಲ್ಟು ಬಿಗಿ ಮಾಡಿ, ಎಣ್ಣೆ ಬಿಟ್ಟು, ಒಂದು ಹೊಲಿಗೆಯನ್ನೂ ಓಡಿಸಿ ತೋರಿಸಿದರು. ಅಜ್ಜಿ ಸೇಬಿನ ಜಾಮ್ ಬಾಟಲಿಯನ್ನೇ ಕೊಟ್ಟುಬಿಟ್ಟರು. ನನ್ನ ಹೆಂಡತಿ ಬೆರಳಲ್ಲಿ ಅದನ್ನು ನೆಕ್ಕುತ್ತಾ ಹೇಳಿದಳು:

"ನಮ್ ಭಾವ ಎಲ್ಲಿ ಬಿಟ್ರೂ ಬದುಕ್ತಾರೆ."

"ನಾನು?"

"ಫೈಲ್ ಜೊತೆಗಿದ್ರೆ ನೀವೂ ಬದುಕ್ತೀರಿ."

ಆ ಜಾಮನ್ನು ನಾನು ಮುಟ್ಟಲಿಲ್ಲ. (ಎರಡು ಚಮಚ ಲೆಕ್ಕಕ್ಕಿಲ್ಲ.)

ಹೊರಡುವ ಬೆಳಿಗ್ಗೆ ರೈತ ಬೀಳ್ಕೊಡಲು ಬಂದ. ನೀವಿಬ್ಬರು ಪರಸ್ಪರ ಏನಾಗಬೇಕು ಎಂದು ಕೇಳಿದ. ಕೋ-ಬ್ರದರ್ ಎಂದೆ. ಒಂದೇ ಕಂಪನಿಯಲ್ಲಿದ್ದೀರಾ ಎಂದ! ಹೆಂಡತಿ, ಅಕ್ಕ, ಅಕ್ಕನ ಗಂಡ ಎಂದು ಬಿಡಿಸಿ ಹೇಳಲು ಹೋಗಿ ನಾನೇ ಸಿಕ್ಕಿಹಾಕಿಕೊಂಡೆ. ಭಾವನವರು ನನ್ನ ಹೆಗಲ ಮೇಲೆ ಕೈಯಿಟ್ಟು "ಬ್ರದರ್" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನಿಲ್ದಿದ್ರೆ ನಾನು ಭದ್ರಾವತಿ ಸ್ಟೇಷನ್ನೂ ದಾಟ್ತಿರ್ಲಿಲ್ಲ ಮಾರಾಯ. ಇದನ್ನ ಅವನಿಗೆ ಇಂಗ್ಲಿಷಲ್ಲಿ ಹೇಳು."

ನನ್ನ ಹೊಗಳಿಕೆಯನ್ನು ನಾನೇ ಹೇಗೆ ಅನುವಾದಿಸಲಿ? ಅದೂ ಇಷ್ಟು ದಿನ ಹೊಟ್ಟೆಕಿಚ್ಚಿನಲ್ಲಿ ಬೆಂದ ಮೇಲೆ? ಫೈಲು ತೆರೆದು ಟಿಕೆಟ್ಟುಗಳನ್ನು ಎಣಿಸತೊಡಗಿದೆ. ಎಲ್ಲರೂ ಕಾದರು. ಕೊನೆಗೆ ನನ್ನ ಹೆಂಡತಿಯೇ ಮುಂದೆ ಬಂದು, ರೈತನನ್ನಲ್ಲ, ನನ್ನನ್ನು ನೋಡುತ್ತ ಮೆಲ್ಲಗೆ ಹೇಳಿದಳು:

"ಹಿ ಬ್ರಿಂಗ್ ಅಸ್. ಆಲ್ ಆಫ್ ಅಸ್."

ಇಡೀ ಪ್ರವಾಸದಲ್ಲಿ ತಪ್ಪಾದದ್ದು ಅದೊಂದೇ. 'ಬ್ರಾಟ್' ಅನ್ನಬೇಕಾದಲ್ಲಿ 'ಬ್ರಿಂಗ್' ಅಂದಳು. ನಾನು ತಿದ್ದಲಿಲ್ಲ.