ಬೀಗರು ತಂದ ಬೆಳ್ಳಿ ಲೋಟ

ಉಡುಗೊರೆ ಬೆಳ್ಳಿ ಲೋಟವಂತೆ. ಗುಜರಿ ಅಂಗಡಿಯವನಿಗೆ ಅನುಮಾನ ಬರಲು ಅಷ್ಟು ಸಾಕಾಯಿತು.

ಹುಡುಗನ ತಂದೆತಾಯಿ ಹಾಲಿನಲ್ಲಿ ಕೂತಿದ್ದರು. ಮಗಳೂ ಹುಡುಗನೂ ಒಬ್ಬರನ್ನೊಬ್ಬರು ಮೆಚ್ಚಿ ಆಗಿತ್ತು, ಇನ್ನು ಅಪ್ಪನಾದ ಇವನು ಹೂಂ ಅನ್ನುವುದಷ್ಟೇ ಬಾಕಿ. ಬರುವಾಗ ಅವರು ಕಾಗದ ಸುತ್ತಿದ ಉಡುಗೊರೆಯೊಂದನ್ನು ಇವನ ಹೆಂಡತಿಯ ಕೈಗಿತ್ತು, "ಬೆಳ್ಳಿ ಲೋಟ, ಏನೋ ನಮ್ಮ ಕೈಲಾದದ್ದು" ಎಂದಿದ್ದರು. ಅವಳು ಅದನ್ನು ಕೋಣೆಯಲ್ಲಿಟ್ಟು ಬಂದದ್ದೇ ತಡ, ಇವನು ಅವಳನ್ನು ಅಡುಗೆಮನೆಗೆ ಎಳೆದು ತಂದಿದ್ದ.

"ಲೋಟ ಬಿಚ್ಚಿ ತಾ. ಅದು ಸಾಚಾ ಆದ್ರೆ ಜನಾನೂ ಸಾಚಾ. ಇಲ್ದಿದ್ರೆ ಈ ಸಂಬಂಧಾನೇ ಬೇಡ."

"ಮಗಳ ಮದುವೆ ರೀ ಇದು, ಗುಜರಿ ವ್ಯಾಪಾರ ಅಲ್ಲ!"

ಅವನು ಜಗ್ಗಲಿಲ್ಲ. ಬಣ್ಣ ಬಳಿದ ಕಬ್ಬಿಣವನ್ನು ಹಿತ್ತಾಳೆ ಎಂದು ತಂದು ಸುರಿಯುವವರ ನಡುವೆ ಅರ್ಧ ಆಯುಸ್ಸು ಕಳೆದವನು. ಹೆಂಡತಿ ಗೊಣಗುತ್ತ ಕೋಣೆಗೆ ಹೋಗಿ ಲೋಟ ತಂದುಕೊಟ್ಟಳು.

ಅವನ ಜೇಬಿನ ಅಯಸ್ಕಾಂತ ಅದಕ್ಕೆ ಅಂಟಲಿಲ್ಲ. "ಅಲ್ಯೂಮಿನಿಯಂ ಕೂಡ ಅಂಟಲ್ಲ" ಎಂದು ತನಗೆ ತಾನೇ ಹೇಳಿಕೊಂಡ. ಹಿತ್ತಿಲ ಗೋಡೆಯಾಚೆಯಿಂದ ವಿಜ್ಞಾನದ ಮೇಷ್ಟ್ರನ್ನು ಕರೆದ. ಮೇಷ್ಟ್ರ ಹಿಂದೆಯೇ ಎದುರುಮನೆಯ ಅಜ್ಜಿಯೂ ಬಂದರು. ಅವರನ್ನು ಯಾರೂ ಕರೆದಿರಲಿಲ್ಲ.

"ಬಾರಿಸಿ ನೋಡಪ್ಪಾ, ಬೆಳ್ಳಿ ಆದ್ರೆ ಹಾಡತ್ತೆ" ಎಂದರು ಅಜ್ಜಿ.

ಚಮಚದಿಂದ ಒಂದು ಬಿಟ್ಟ. ಠಣ್ ಎಂಬ ಸದ್ದು ಹಾಲಿನವರೆಗೂ ಹೋಯಿತು.

"ಏನಾದ್ರೂ ಬಿತ್ತಾ?" ಹುಡುಗನ ತಂದೆ ಅಲ್ಲಿಂದಲೇ ಕೇಳಿದರು.

"ಚಮಚ!" ಎಂದು ಕೂಗಿದ ಹೆಂಡತಿ ಗಂಡನನ್ನು ನುಂಗುವ ಹಾಗೆ ನೋಡಿದಳು.

"ನಾದ ಎಲ್ಲಾ ನಂಬೋ ಹಾಗಿಲ್ಲ" ಎಂದು ಮೇಷ್ಟ್ರು ತೋಳು ಮಡಿಸಿದರು. ಲೋಟವನ್ನು ತಕ್ಕಡಿಗೆ ಹಾಕಿ ತೂಗಿದರು. ನೀರು ತುಂಬಿದ ಪಾತ್ರೆಯನ್ನು ತಟ್ಟೆಯ ಮೇಲಿಟ್ಟರು. "ಇಷ್ಟು ತೂಕದ ಬೆಳ್ಳಿ ಮುಳುಗಿಸಿದ್ರೆ ಈ ಔಷಧಿ ಮುಚ್ಚಳ ತುಂಬುವಷ್ಟು ನೀರು ಚೆಲ್ಲಬೇಕು. ಅಗ್ಗದ ಲೋಹ ಆದ್ರೆ ಜಾಸ್ತಿ ಚೆಲ್ಲತ್ತೆ."

ಲೋಟ ಮುಳುಗಿತು, ನೀರು ಚೆಲ್ಲಿತು. ಬಗ್ಗಿ ನೋಡಲು ಹೋದ ಅಜ್ಜಿಯ ಮೊಣಕೈ ತಗುಲಿ ತಟ್ಟೆಯೂ ಚೆಲ್ಲಿತು. ಮತ್ತೆ ಮೊದಲಿಂದ ಶುರು. ಎರಡನೇ ಸಲ ತಟ್ಟೆಗೆ ಚೆಲ್ಲಿದ ನೀರನ್ನು ಸುರಿದಾಗ ಅದು ಸರಿಯಾಗಿ ಮುಚ್ಚಳದ ಅಂಚಿಗೆ ಬಂದು ನಿಂತಿತು.

"ಬೆಳ್ಳಿ ಸ್ವಾಮಿ!" ಎಂದರು ಮೇಷ್ಟ್ರು.

"ಒಳಗೆ ತಾಮ್ರ ಇದ್ದು, ನೀರಿನ ಲೆಕ್ಕ ಸ್ವಲ್ಪದರಲ್ಲಿ ತಪ್ಪಿದ್ರೆ?" ಎನ್ನುತ್ತ ಇವನು ಜೇಬಿನಿಂದ ಅರ ತೆಗೆದು ತಳವನ್ನು ಕರಕರ ಉಜ್ಜಿಯೇಬಿಟ್ಟ. ಹೆಂಡತಿ ಅಯ್ಯೋ ಎಂದು ಬಾಯಿಗೆ ಸೆರಗು ತುರುಕಿಕೊಂಡಳು. ಗೀರಿನ ಒಳಗೂ ಅದೇ ಬಿಳುಪು.

ಅವನಿಗೆ ನಾಚಿಕೆಯಾಯಿತು. ಇಂಥ ಸಜ್ಜನರನ್ನು ಅನುಮಾನಿಸಿದೆನಲ್ಲಾ! ಕಣ್ಣಂಚು ಒದ್ದೆಯಾಯಿತು. ನೇರ ಹಾಲಿಗೆ ಹೋಗಿ ಹುಡುಗನ ತಂದೆಯನ್ನು ತಬ್ಬಿಕೊಂಡ. "ನಿಮ್ಮಂಥ ಅಪ್ಪಟ ಜನ ಸಿಗೋದು ನಮ್ಮ ಪುಣ್ಯ. ಮಾತು ಕೊಟ್ಟೆ, ಇನ್ನು ಬದಲಿಲ್ಲ!"

ಮಗಳ ಮುಖ ಅರಳಿತು. ಬಂದವರು ಸಂತೋಷದಿಂದ ಹೊರಟರು.

ಬಾಗಿಲು ಹಾಕಿಕೊಂಡು ಬಂದ ಹೆಂಡತಿ ಲೋಟದ ತಳವನ್ನು ಸವರುತ್ತ ನಿಟ್ಟುಸಿರಿಟ್ಟಳು. "ನೀವು ಬಡೀತೀರಿ, ಮುಳುಗಿಸ್ತೀರಿ ಅಂತ ಗೊತ್ತಿತ್ತು. ಅರ ಹಾಕ್ತೀರಿ ಅಂತ ಅನ್ಕೊಂಡಿರ್ಲಿಲ್ಲ. ನಮ್ಮಮ್ಮ ಕೊಟ್ಟ ಲೋಟ ರೀ ಇದು!"

"ನಿಮ್ಮಮ್ಮ?" ಅವನು ಲೋಟವನ್ನು ಕಸಿದು ತಿರುಗಿಸಿ ನೋಡಿದ. "ಹಾಗಾದ್ರೆ ಅವರು ತಂದಿದ್ದು?"

"ಬೀರುವಿನಲ್ಲಿದೆ. ಕಾಗದಾನೂ ಬಿಚ್ಚಿಲ್ಲ."

"ಇಲ್ಲಿ ಕೊಡು!"

"ಯಾಕೆ? ಮಾತು ಕೊಟ್ಟಾಯ್ತಲ್ಲ." ಅವಳು ಆ ಉಡುಗೊರೆಯನ್ನು ಎರಡೇ ಬೆರಳಲ್ಲಿ ಹಗುರವಾಗಿ ಎತ್ತಿ ಬೀರುವಿನ ಮೇಲಿನ ಅರೆಗೆ ಏರಿಸಿ, ಬೀಗ ಹಾಕಿದಳು.

ಎರಡೇ ಬೆರಳು! ಗುಜರಿ ಅಂಗಡಿಯವನಿಗೆ ಅಂದಿನಿಂದ ನಿದ್ದೆಯಿಲ್ಲ.