ಕೆಂಪು ಚೀಟಿ ಪಡೆದ ನೌಕರರು ಗುಜರಿಯಲ್ಲ

ಕಾರ್ಖಾನೆಯ ಆರೋಗ್ಯ ಶಾಖೆ
ಜಿಗಣಿ ಕೈಗಾರಿಕಾ ಪ್ರದೇಶ

ಸುತ್ತೋಲೆ ಸಂಖ್ಯೆ: ಆಶಾ/ಎಂಆರ್‌ಐ/ಕೆಂಚೀ/07/2025-26
ದಿನಾಂಕ: 11-08-2025

ವಿಷಯ: ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗಾಗಿ ಎಂಆರ್‌ಐ ಸ್ಕ್ಯಾನಿಂಗ್‌ಗೆ ಕಳುಹಿಸಲಾದ ನೌಕರರೊಬ್ಬರು ಕ್ಯಾಂಟೀನಿನಲ್ಲಿ ಪತ್ತೆಯಾಗುತ್ತಿರುವ ಬಗ್ಗೆ.

ಉಲ್ಲೇಖ: (1) ಜುಲೈ ತಿಂಗಳ ರಕ್ತಪರೀಕ್ಷೆಯ ವರದಿ. (2) ತಪಾಸಣಾ ವಿಭಾಗದ ಶ್ರೀ ಚನಬಸಪ್ಪ ಅವರು 31-07 ಹಾಗೂ 07-08ರಂದು ಸ್ಕ್ಯಾನಿಂಗ್‌ಗೆ ಗೈರಾದದ್ದು. (3) ಅವರ ಪತ್ನಿ ಶ್ರೀಮತಿ ಮಹಾದೇವಿ ಅವರು ಈ ಕಚೇರಿಯ ಬಾಗಿಲಿಗೆ ಅಡ್ಡ ನಿಂತು ಸಲ್ಲಿಸಿದ ಮೌಖಿಕ ಮನವಿ.

ರಕ್ತದಲ್ಲಿ ಪಿಎಸ್‌ಎ ಎಂಬ ಅಂಶ ಹೆಚ್ಚಾಗಿ ಕಂಡುಬಂದ ಒಂಬತ್ತು ಮಂದಿ ನೌಕರರಿಗೆ, ತಜ್ಞರ ಸಲಹೆಯಂತೆ, ಎಂಆರ್‌ಐ (ದೊಡ್ಡ ಮ್ಯಾಗ್ನೆಟ್ಟಿನೊಳಗೆ ಮಲಗಿಸಿ ಮಾಡುವ ಸ್ಕ್ಯಾನ್) ದಿನಾಂಕದ ಚೀಟಿ ನೀಡಲಾಯಿತು. ಬಿಳಿ ರಟ್ಟು ಮುಗಿದಿದ್ದರಿಂದ ತಪಾಸಣಾ ವಿಭಾಗದಲ್ಲಿ ಉಳಿದಿದ್ದ, ತಂತಿ ಸಹಿತವಾದ ಕೆಂಪು ಚೀಟಿಗಳನ್ನು ಬಳಸಲಾಯಿತು. ಬಿರುಕು ಬಿಟ್ಟ ಎರಕದ ಪೀಸುಗಳಿಗೆ ಕಟ್ಟಿ ಗುಜರಿಗೆ ಎಸೆಯುವ ಚೀಟಿ ಅದೇ ಎಂಬುದು ಈ ಶಾಖೆಯ ಗಮನಕ್ಕೆ ತಡವಾಗಿ ಬಂದಿರುತ್ತದೆ.

ಎಂಟು ಮಂದಿ ಬೈದುಕೊಂಡೇ ಹೋಗಿ ಬಂದಿರುತ್ತಾರೆ. ಇಪ್ಪತ್ತೆಂಟು ವರ್ಷಗಳಿಂದ ಮ್ಯಾಗ್ನೆಟ್ ಬೆಂಚಿನಲ್ಲಿ ಬಿರುಕು ಹುಡುಕಿ, ಸ್ವಹಸ್ತದಿಂದ ಕೆಂಪು ಚೀಟಿ ಕಟ್ಟುತ್ತಿರುವ ಶ್ರೀ ಚನಬಸಪ್ಪ ಅವರು ಮಾತ್ರ ಹೋಗಿರುವುದಿಲ್ಲ. ಕಾರಣ ಕೇಳಿದ ನೋಟಿಸಿಗೆ, "ಮ್ಯಾಗ್ನೆಟ್ಟಿಗೆ ಹಾಕಿದ್ರ ಬಿರುಕು ಕಾಣತೈತಿ. ಕಂಡ್ರ ಗುಜರಿ. ಇದನ್ನ ನನಗ ಹೇಳಿಕೊಡಬ್ಯಾಡ್ರಿ ಸಾಹೇಬ್ರ" ಎಂದು ಉತ್ತರಿಸಿರುತ್ತಾರೆ. ಆದಕಾರಣ ಕೆಳಕಂಡಂತೆ ಆದೇಶಿಸಲಾಗಿದೆ:

1. ನೌಕರರು ಎರಕದ ಪೀಸುಗಳಲ್ಲವೆಂದು ಘೋಷಿಸಲಾಗಿದೆ. ಇದು ಅವರು ಕೆಲಸಕ್ಕೆ ಸೇರಿದ ದಿನದಿಂದಲೇ ಜಾರಿಗೆ ಬಂದಿರುತ್ತದೆ. ಗುತ್ತಿಗೆ ನೌಕರರಿಗೂ ಅನ್ವಯಿಸುತ್ತದೆ.

2. ಕೆಂಪು ಚೀಟಿಯನ್ನು ಅಂಗಿಯ ಗುಂಡಿಗೆ ಬಿಗಿದುಕೊಂಡು ಗುಜರಿ ತೊಟ್ಟಿಯ ಪಕ್ಕ ಕೂರುವುದನ್ನು ನಿಷೇಧಿಸಲಾಗಿದೆ. ಹಾಗೆ ಕುಳಿತವರನ್ನು "ಏನ್ ಗುರು, ಕೆ.ಜಿ. ಲೆಕ್ಕಾನಾ, ಪೀಸ್ ಲೆಕ್ಕಾನಾ?" ಎಂದು ವಿಚಾರಿಸಿದ ಲೇತ್ ವಿಭಾಗದ ಶ್ರೀ ನಂಜಪ್ಪ ಅವರಿಗೆ ಎಚ್ಚರಿಕೆ ನೀಡಲಾಗಿದೆ.

3. ಬೆಂಚಿನಲ್ಲಿ ಬಿರುಕು ಕಾಣಲೆಂದು ಕಬ್ಬಿಣದ ಪುಡಿ ಚಿಮುಕಿಸಲಾಗುತ್ತದೆ. ಆಸ್ಪತ್ರೆಯಲ್ಲಿ ಚಿಮುಕಿಸಲಾಗುವುದಿಲ್ಲ. ನಂಬಿಕಸ್ಥ ಪುಡಿಯನ್ನು ಮನೆಯ ಡಬ್ಬಿಯಲ್ಲಿ ಒಯ್ಯುವ ಶ್ರೀ ಚನಬಸಪ್ಪ ಅವರ ಪ್ರಸ್ತಾವವನ್ನು ಪರಿಶೀಲಿಸಿ, ಗಾಬರಿಯಿಂದ ತಿರಸ್ಕರಿಸಲಾಗಿದೆ.

4. ಗ್ರಂಥಿಯನ್ನು "ಅಲ್ಲಿ", "ಕೆಳಗೆ", "ಆ ಕಡೆ" ಎಂದು ಉಲ್ಲೇಖಿಸಿದ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ. 'ಪ್ರಾಸ್ಟೇಟ್' ಎಂದೇ ಹೇಳತಕ್ಕದ್ದು. ಹೇಳುವಾಗ ಗೋಡೆಯ ಗಡಿಯಾರ ನೋಡಲು ಅನುಮತಿಯಿದೆ.

5. ಪಾಳಿಯೊಂದರಲ್ಲಿ ಏಳು ಬಾರಿ ಶೌಚಾಲಯಕ್ಕೆ ಹೋಗಿ "ಟೀ ಜಾಸ್ತಿ ಆಯ್ತು" ಎನ್ನುವ ಸಮಜಾಯಿಷಿಯನ್ನು ರದ್ದುಪಡಿಸಲಾಗಿದೆ. ಪಾಳಿಗೆ ಟೀ ಎರಡೇ ಬಾರಿ ಎಂದು ಕ್ಯಾಂಟೀನಿನ ಶ್ರೀಮತಿ ರಾಣಿ ದೃಢೀಕರಿಸಿರುತ್ತಾರೆ.

6. ಸ್ಕ್ಯಾನಿನಲ್ಲಿ ಕಲೆಯೊಂದು ಕಂಡ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಸೂಜಿ ಹಾಕಿ ಪರೀಕ್ಷಿಸಬೇಕೇ, ಹಾಕುವುದಾದರೆ ಯಾವ ಜಾಗಕ್ಕೆ ಎಂಬುದು ಅದರಿಂದ ತಿಳಿಯುತ್ತದೆ. ಕ್ಯಾನ್ಸರೇ ಆಗಿದ್ದರೂ ಬೇಗ ಸಿಕ್ಕಿದರೆ ದಾರಿಗಳು ಹೆಚ್ಚು. ಎರಕದ ಬಿರುಕಿಗೆ ಔಷಧವಿಲ್ಲ, ಮನುಷ್ಯರಿಗಿದೆ. ಈ ಒಂದು ಕಲಮನ್ನು ನಗದೆ ಓದುವುದು.

7. ಸ್ಕ್ಯಾನಿಂಗ್‌ಗೆ ಮುನ್ನ ಉಡುದಾರ ಬಿಚ್ಚುವ ಬಗ್ಗೆ "ಜೀವ ಇರೂತನಕ ಬಿಚ್ಚಂಗಿಲ್ರಿ" ಎಂಬ ಶ್ರೀ ಚನಬಸಪ್ಪ ಅವರ ಆಕ್ಷೇಪಣೆಯನ್ನು ಭಾಗಶಃ ಎತ್ತಿಹಿಡಿಯಲಾಗಿದೆ. ಹತ್ತಿಯ ದಾರ ಸೊಂಟದಲ್ಲೇ ಇರಲು ಆಸ್ಪತ್ರೆಯವರು ಒಪ್ಪಿರುತ್ತಾರೆ. ಲೋಹದ ತಾಯಿತವನ್ನು ಮಾತ್ರ ಕಳಚಿ ಪತ್ನಿಯ ವಶಕ್ಕೆ ನೀಡತಕ್ಕದ್ದು.

8. ಶ್ರೀ ಚನಬಸಪ್ಪ ಅವರದೇ ಕೈಬರಹದ ರಿಜಿಸ್ಟರಿನಂತೆ, ಕಳೆದ ವರ್ಷ ಬೆಂಚಿಗೇರಿದ 4,112 ಪೀಸುಗಳಲ್ಲಿ ಗುಜರಿಗೆ ಹೋದವು 96. ಮಿಕ್ಕವು ಹಸಿರು ಚೀಟಿಯೊಂದಿಗೆ ಜೋಡಣೆಗೆ ಮರಳಿವೆ. ಈ ಅಂಕಿ ಮನುಷ್ಯರಿಗೆ ಅನ್ವಯಿಸುವುದಿಲ್ಲ (ಕಲಂ 1 ನೋಡಿ). ಆದರೂ ಮನೆಯಲ್ಲಿ ಆ 96ರ ಮಾತನ್ನಷ್ಟೇ ಆಡುತ್ತಾರೆಂಬ ಪತ್ನಿಯ ದೂರನ್ನು ದಾಖಲಿಸಲಾಗಿದೆ.

9. ಶ್ರೀ ಚನಬಸಪ್ಪ ಅವರ ಕೆಂಪು ಚೀಟಿಯನ್ನು ವಿಷಾದದೊಂದಿಗೆ ಹಿಂಪಡೆದು, 14-08ರ ಗುರುವಾರ ಬೆಳಿಗ್ಗೆ 9ರ ಸ್ಕ್ಯಾನಿಂಗ್‌ಗೆ ಹಳದಿ ಚೀಟಿ ("ಇನ್ನೊಮ್ಮೆ ನೋಡುವುದು") ನೀಡಲಾಗಿದೆ. ಹಸಿರು ಚೀಟಿಗೆ ಸಹಿ ಹಾಕುವ ಅಧಿಕಾರ ಅವರೊಬ್ಬರಿಗೇ ಇರುವುದರಿಂದ, ಅಂದು ಬೆಂಚಿನ ಮೇಲೆ 46 ಪೀಸುಗಳನ್ನು ತಡೆಹಿಡಿಯಲಾಗುವುದು. ಬೇರೆ ಯಾರೂ ಮುಟ್ಟತಕ್ಕದ್ದಲ್ಲ. ಅವರು ಕೆಲಸಕ್ಕೆ ಮರಳುವುದನ್ನು ಕಡ್ಡಾಯಗೊಳಿಸಲಾಗಿದೆ.

ಸಹಿ/-
(ಅಂಬರೀಶ್)
ಆರೋಗ್ಯ ಶಾಖಾಧಿಕಾರಿ, ಹಾಗೂ ಕೆಂಪು ಚೀಟಿ ಬಳಸಲು ಅನುಮೋದಿಸಿದವರು

ಪ್ರತಿಗಳು:
1. ಶ್ರೀ ನಂಜಪ್ಪ, ಲೇತ್ ವಿಭಾಗ: ಮನಸ್ಸಿನಲ್ಲೇ ಓದಿಕೊಳ್ಳಲು.
2. ಶ್ರೀಮತಿ ರಾಣಿ, ಕ್ಯಾಂಟೀನ್: ಗುರುವಾರ ಬೆಳಿಗ್ಗೆ ಶ್ರೀ ಚನಬಸಪ್ಪ ಅವರಿಗೆ ಆಶ್ರಯ ನೀಡದಿರಲು.
3. ಗುಜರಿ ಗುತ್ತಿಗೆದಾರರು: ತಂದಿರಿಸಿದ ತಕ್ಕಡಿಯನ್ನು ವಾಪಸ್ ಒಯ್ಯಲು.
4. ಶ್ರೀಮತಿ ಮಹಾದೇವಿ: ತಾಯಿತದ ರಸೀದಿಯೊಂದಿಗೆ. "ಚೀಟಿ ಕಟ್ಟೂ ಮೊದಲ ಮನುಷ್ಯಾನ ಮಾರಿ ನೋಡ್ರೆಪಾ" ಎಂಬ ಅವರ ಮನವಿಯನ್ನು ಶಾಖೆಯ ಗೋಡೆಗೆ ಅಂಟಿಸಲಾಗಿದೆ.
5. ಶ್ರೀ ಚನಬಸಪ್ಪ: ಹಳದಿ ಚೀಟಿ ಲಗತ್ತಿಸಿದೆ. ತಂತಿ ತೆಗೆಯಲಾಗಿದೆ.
6. ಬೆಂಚಿನ ಮೇಲಿನ 46 ಪೀಸುಗಳು: ಕಾಯುವ ಸಲುವಾಗಿ.